ಅಗಸಿಗೆ ಹೋದ ಹೊಸ್ತಿಲು

ಒಂದಾನೊಂದು ಹೊಳೆಯ ದಂಡೆಯಲ್ಲಿ ಒಂದೂರಿತ್ತಂತೆ. ಊರಿಗೆ ಏಳು ಓಣಿ, ಹೋಗಿಬರಲು ಒಂದೇ ಅಗಸಿ ಬಾಗಿಲು. ಏಳೂ ಓಣಿ ತಗ್ಗಿನಲ್ಲಿ, ಬುಟ್ಟಿ ಹೆಣೆಯುವ ಭರಮವ್ವನ ಮನೆಯೊಂದೇ ದಿಬ್ಬದ ಮೇಲೆ. ಒಂದು ಮಳೆಗಾಲ ಹೊಳೆಗೆ ಊರು ನೋಡಬೇಕು ಅನ್ನಿಸಿತೋ ಏನೋ, ಮೂರು ಹಗಲು ಮೂರು ರಾತ್ರಿ ಓಣಿ ಓಣಿ ತಿರುಗಿತಂತೆ. ಒಲೆಯ ಮೇಲೆ ಕೂತು, ಕಣಜಕ್ಕೆ ಕೈ ಹಾಕಿ, ಖಾಲಿ ತೊಟ್ಟಿಲು ತೂಗಿ, ನಾಲ್ಕನೆಯ ದಿನ ಎದ್ದು ತನ್ನ ಪಾಡಿಗೆ ತಾನು ಹೋಯಿತಂತೆ. ಗುಡ್ಡ ಹತ್ತಿ ಬದುಕಿಕೊಂಡಿದ್ದ ಜನ ಇಳಿದು ಬಂದು ನೋಡಿದರೆ ಕಟ್ಟೆಯ ಮೇಲೆ ಕೆಸರು, ದೇವರ ಗೂಡಿನಲ್ಲಿ ಮೀನು.

ಇರಲಿ, ಕೆಸರು ಬಳಿದು ಹೊರಗೆ ಹಾಕಬಹುದು. ಬೆಂಕಿ ಎಲ್ಲಿಂದ ತರುವುದು? ಬೂದಿಯಲ್ಲಿ ಮುಚ್ಚಿಟ್ಟ ಕೆಂಡ ಸತ್ತಿತ್ತು. ಚಕಮಕಿ ಕಲ್ಲಿನ ಅರಳೆ ನೆನೆದು ಮುದ್ದೆಯಾಗಿತ್ತು. ಮುದುಕರು ಗಡಗಡ ನಡುಗಿದರು. ಮಕ್ಕಳು ನೆನೆದ ಜೋಳವನ್ನು ಹಸಿಯಾಗಿಯೇ ಅಗಿದು ಹೊಟ್ಟೆ ಹಿಡಿದುಕೊಂಡರು. ಇಡೀ ಊರಿನಲ್ಲಿ ಹೊಗೆ ಏಳುತ್ತಿದ್ದದ್ದು ಭರಮವ್ವನ ಮನೆಯಲ್ಲಿ ಮಾತ್ರ.

ಆದರೆ ಅದು ಬಾಣಂತಿ ಮನೆ. ಬಿದಿರು ತರಲು ಹೋದ ಮಗ ಹೊಳೆಯಾಚೆ ಸಿಕ್ಕಿಕೊಂಡಿದ್ದ, ಇಲ್ಲಿ ಸೊಸೆ ಸಾಂತವ್ವ ಹೆತ್ತು ಐದು ದಿನ. ಹನ್ನೆರಡು ದಿನ ತುಂಬುವ ತನಕ ಬಾಣಂತಿ ಮನೆಯ ಬೆಂಕಿ ಹೊಸ್ತಿಲು ದಾಟಬಾರದು, ದಾಟಿದರೆ ಕೂಸಿನ ಮೈಬಿಸಿಯೂ ಅದರ ಹಿಂದೆಯೇ ಹೋಗುತ್ತದೆ ಅಂತ ಆ ಊರಿನ ನಂಬಿಕೆ. ಸಾಂತವ್ವನ ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಆಗಲೂ ಬೆಂಕಿ ಒಳಗೇ ಇತ್ತು, ಆದರೂ ಉಳಿದಿರಲಿಲ್ಲ. ಇದು ಮೂರನೆಯದು.

ಊರವರು ಬಂದು ಅಂಗಳದ ಆಚೆಯೇ ನಿಂತರಂತೆ. ಹೊಗೆ ನೋಡಿದರಂತೆ. ಯಾರೂ ಬೆಂಕಿ ಕೇಳಲಿಲ್ಲ. ಕೊಡುವುದಿಲ್ಲ ಅಂತಾಳೇನೋ ಅನ್ನುವ ಅಂಜಿಕೆಯಲ್ಲ, ಕೊಟ್ಟೇಬಿಟ್ಟರೆ ಅನ್ನುವ ಅಂಜಿಕೆ.

"ಕೂಸು ಹಾಲು ಕುಡೀತೈತೇನವ್ವಾ?" ಅಂತ ಕೇಳಿದ ಕುರಿ ಕಾಯುವ ಮುದುಕ ಹೂವಪ್ಪ. ಅವನ ತುಟಿ ನೀಲಿಗಟ್ಟಿತ್ತು.

"ಕುಡೀತೈತಿ," ಅಂದಳು ಭರಮವ್ವ.

"ಅಷ್ಟಾದ್ರ ಸಾಕು ಬಿಡು," ಅಂತ ಹೊರಟುಹೋದ.

ಜಗಳ ತೆಗೆದಿದ್ದರೆ ನಾಲ್ಕು ಬೈದು ಕಳಿಸಬಹುದಿತ್ತು. ಹೀಗೆ ಹೋದರೆ ಏನು ಮಾಡುವುದು ಹೇಳಿ? ಭರಮವ್ವ ಒಳಗೆ ಬಂದು ಒಲೆಯ ಮುಂದೆ ಕೂತಳು. ಮಧ್ಯಾಹ್ನದ ಮಂಪರು, ಹೊರಗೆ ಹನಿ ತೊಟ್ಟಿಕ್ಕುವ ಸದ್ದು. ರೆಪ್ಪೆಗೆ ರೆಪ್ಪೆ ಕೂಡುವಷ್ಟರಲ್ಲಿ ಬೆಂಕಿ ಮಾತಾಡಿತಂತೆ.

"ಭರಮವ್ವಾ, ನಾ ಹೊಸ್ತಿಲ ದಾಟಬಾರದು, ಹೌದಲ್ಲ?"

"ಹೌದು."

"ಹೊಸ್ತಿಲ ಎಲ್ಲಿರಬೇಕು ಅಂತ ಯಾರರ ಹೇಳ್ಯಾರೇನು?"

ಕಣ್ಣು ಬಿಟ್ಟರೆ ಹಸಿ ಕಟ್ಟಿಗೆ ಸುಂಯ್ ಅನ್ನುತ್ತಿತ್ತು, ಅಷ್ಟೆ. ಸೊಸೆಯೂ ಎಚ್ಚರವಿದ್ದಳು. ಅವಳೂ ಕೇಳಿಸಿಕೊಂಡಳೋ ಏನೋ, ಕೂಸನ್ನು ಎದೆಗೊತ್ತಿಕೊಂಡು, "ಹೂವಪ್ಪಜ್ಜ ಭಾಳ ನಡುಗತಿದ್ದ ಅತ್ತೀ," ಅಂದಳು.

ಭರಮವ್ವ ಬಿದಿರು ಸೀಳುವ ಕತ್ತಿಯನ್ನು ಹೊಸ್ತಿಲಿನ ಸಂದಿಗೆ ಹಾಕಿ ಮೀಟಿದಳು. ಹೊಸ್ತಿಲು ಎದ್ದು ಬಂತು. ಅದನ್ನು ತಲೆಯ ಮೇಲೆ ಹೊತ್ತು, ಕೆಸರು ತುಳಿಯುತ್ತ ಏಳು ಓಣಿ ದಾಟಿ, ಅಗಸಿ ಬಾಗಿಲಿಗೆ ಅಡ್ಡ ಇಟ್ಟು ಅರಿಸಿನ ಕುಂಕುಮ ಹಚ್ಚಿದಳಂತೆ.

"ಇವತ್ತಿನಿಂದ ಊರೆಲ್ಲ ನನ್ನ ಮನಿ," ಅಂದಳು. "ಬೆಂಕಿ ಮನಿಯೊಳಗ ತಿರುಗ್ಯಾಡಿದ್ರ ಯಾರ ಗಂಟೇನು ಹೋಗತೈತಿ?"

ಊರವರು ಮುಖ ಮುಖ ನೋಡಿಕೊಂಡು ಅಂಜುತ್ತಲೇ ಬಂದರು. ಬಾಣಂತಿ ಮನೆಯಲ್ಲಿ ಗದ್ದಲ ಮಾಡಬಾರದಲ್ಲ, ಊರಿಗೆ ಊರೇ ಪಿಸುಮಾತಿನಲ್ಲಿ ಮಾತಾಡಿತಂತೆ. ಹೆಣೆದಿಟ್ಟ ಬುಟ್ಟಿಗಳನ್ನೆಲ್ಲ ಭರಮವ್ವ ಮುರಿದು ಒಣ ಪುಳ್ಳೆ ಮಾಡಿಕೊಟ್ಟಳು. ಒಡೆದ ಗಡಿಗೆಯ ಚೂರಿನಲ್ಲಿ ಕೆಂಡ ಇಟ್ಟುಕೊಂಡು, ಕೈ ಮರೆ ಮಾಡಿ ನಡೆದರು. ಒಂದನೆಯ ಓಣಿಗೆ ಹೋಯಿತು ಬೆಂಕಿ, ಎರಡನೆಯದಕ್ಕೆ ಹೋಯಿತು, ಏಳನೆಯದಕ್ಕೂ ಹೋಯಿತು. ಇವರ ಒಲೆಯ ಕೆಸರನ್ನು ಅವರು ಬಳಿದರು, ಅವರ ಜೋಳವನ್ನು ಇವರು ಹುರಿದರು.

ಕೊಟ್ಟು ಕೊಟ್ಟು ಮನೆಗೆ ಬಂದರೆ ಭರಮವ್ವನ ಒಲೆಯೇ ಆರಿತ್ತು. ಹೊಸ್ತಿಲಿಲ್ಲದ ಬಾಗಿಲಿನ ಕೆಳಗಿಂದ ತೇವದ ಗಾಳಿ ನುಗ್ಗಿ, ಉಳಿದಿದ್ದ ಎರಡು ಕೆಂಡವನ್ನೂ ನುಂಗಿತ್ತು. ಕೂಸಿನ ಪಾದ ಮುಟ್ಟಿದಳು. ತಣ್ಣಗಿತ್ತು.

"ಮೊಲಿ ಹಿಡಿವಲ್ದು ಅತ್ತೀ," ಅಂದಳು ಸಾಂತವ್ವ.

ನನ್ನ ಕೈಯಾರೆ ಕಳಕೊಂಡೆ ಅಂದುಕೊಂಡಳು ಭರಮವ್ವ. ಬೆಂಕಿ ತರೋಣವೆಂದರೂ ಆ ಪಾದ ಬಿಟ್ಟು ಏಳಲಾಗಲಿಲ್ಲ.

ಆಗ ಬಾಗಿಲಲ್ಲಿ ನೆರಳಾಯಿತಂತೆ. ಹೂವಪ್ಪ ಕೆಂಡ ಹಿಡಿದು ನಿಂತಿದ್ದ.

"ದಿಬ್ಬದ ಮ್ಯಾಲ ಹೊಗಿ ಕಾಣಲಿಲ್ಲ," ಅಂದ.

ಅವನ ಹಿಂದೆ ಮಡಿವಾಳರ ಮಲಕವ್ವ ಬಿಸಿ ಬಟ್ಟೆ ತಂದಿದ್ದಳು. ಅವಳ ಹಿಂದೆ ಕಾದ ನೀರು, ಬಿಸಿ ಎಣ್ಣೆ, ಬೆಳ್ಳುಳ್ಳಿ ಹೊಗೆ. ಏಳೂ ಓಣಿಯ ಒಲೆಗಳ ಬಿಸಿ ಬಂದು ಒಂದು ಕೋಣೆಯಲ್ಲಿ ಕೂಡಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಟ್ಟೆ ಹೋಗುತ್ತಿತ್ತು, ಬರುತ್ತಿತ್ತು. ಭರಮವ್ವ ಕೂಸಿನ ಪಾದವನ್ನು ಬಿಡಲೇ ಇಲ್ಲ. ಬಹಳ ಹೊತ್ತಿನ ಮೇಲೆ ಆ ಪಾದ ಅವಳ ಅಂಗೈಯನ್ನು ಒದೆಯಿತಂತೆ. ಪಿಸುಗುಡುತ್ತಿದ್ದ ಊರಿನಲ್ಲಿ ಆ ದಿನ ಗಟ್ಟಿಯಾಗಿ ದನಿ ತೆಗೆದದ್ದು ಅದೊಂದೇ ಕೂಸು. ಅದರ ಅಳು ಅಗಸಿ ಬಾಗಿಲಿನ ತನಕ ಕೇಳಿಸಿತಂತೆ.

ಹನ್ನೆರಡನೆಯ ದಿನ ಭರಮವ್ವ ಹೊಸ್ತಿಲು ತರಲು ಹೋದರೆ ಊರವರು ಕೀಳಗೊಡಲಿಲ್ಲ. ಅವಳಿಗೆ ಬೇರೆಯದನ್ನು ಮಾಡಿಕೊಟ್ಟರು. ಆಮೇಲೆ ಆ ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಏಳು ಓಣಿಯವರು ಒಂದೊಂದು ಕೆಂಡ ತಂದು ಒಲೆ ಹೊತ್ತಿಸುತ್ತಾರಂತೆ. ಅವರ ಕೂಸು ಅಲ್ಲಿ ಬೆಳೆಯಿತು, ನನ್ನ ಕಥೆ ಇಲ್ಲಿ ಆರಿತು. ಏಳಿ, ನಿಮ್ಮ ನಿಮ್ಮ ಒಲೆ ನೋಡಿಕೊಳ್ಳಿ.