ಮೇಸ್ತ್ರಿಯ ಪೆಟ್ಟು

“ಗುರು ಹಾಡಿದ ಹಾಗೆಯೇ ಹಾಡುವುದು ತಪ್ಪೇ, ಅಪ್ಪಾವರೆ?” ಎಂದು ಬಸಲಿಂಗ ಕೇಳಿದ.

ಮಠದ ಹಿರಿಯರು ಏಕತಾರಿಯ ತಂತಿ ಒರೆಸುತ್ತಿದ್ದರು. ತಲೆ ಎತ್ತದೆಯೇ, “ಏನಾಯಿತು?” ಎಂದರು.

ಆದದ್ದು ಇಷ್ಟು. ಬಸಲಿಂಗ ತತ್ವಪದಗಳನ್ನು ಕಲಿತದ್ದು ರೇವಣಪ್ಪ ಮುತ್ಯಾನ ಬಳಿ, ಮುತ್ಯಾನ ಕೊನೆಯ ವರ್ಷಗಳಲ್ಲಿ. ಒಂದು ಪದದ ಮೂರನೆಯ ಸಾಲಿನಲ್ಲಿ ಮುತ್ಯಾ ನಡುವೆ ನಿಲ್ಲುತ್ತಿದ್ದರು. ಎರಡು ಮಾತು ಹಾಡಿ, ಸುಮ್ಮನಾಗಿ, ಮತ್ತೆ ಮುಂದಕ್ಕೆ ಹೋಗುತ್ತಿದ್ದರು. ಬಸಲಿಂಗನೂ ಅಲ್ಲಿಯೇ ನಿಲ್ಲುತ್ತಾನೆ. ಮುತ್ಯಾ ಹೋದ ಮೇಲೆ ಅವನಿಗೆ ಅವರು ಸಿಗುವುದು ಆ ನಿಲುಗಡೆಯಲ್ಲಿಯೇ. ಆದರೆ ಅಮಾವಾಸ್ಯೆಯ ಭಜನೆಗೆ ಕೂಡುವ ಮಿಕ್ಕವರು ಆ ಸಾಲನ್ನು ಒಂದೇ ಓಟಕ್ಕೆ ಹಾಡಿ ಮುಗಿಸುತ್ತಾರೆ. ಈ ಸಲ ಬಸಲಿಂಗ ನಿಂತಾಗ ತಾಳದವನು, “ಯಾಕೋ ಬಸಲಿಂಗಣ್ಣ, ಗಾಲಿ ಕೆಸರಿನಲ್ಲಿ ಸಿಕ್ಕಿತೇನು?” ಎಂದ. ಎಲ್ಲರೂ ನಕ್ಕರು. ಬಸಲಿಂಗ ಎದ್ದು ಹೊರಗೆ ಬಂದ. ಇನ್ನು ಆ ಮೇಳದಲ್ಲಿ ಕೂರುವುದಿಲ್ಲ ಎಂದು ಹೇಳಿಹೋಗಲು ಈಗ ಬಂದಿದ್ದ.

“ಅವರು ಮುತ್ಯಾನನ್ನು ಅಳಿಸುತ್ತಿದ್ದಾರೆ. ನಾನೊಬ್ಬನಾದರೂ ಉಳಿಸಿಕೊಳ್ಳುತ್ತೇನೆ” ಎಂದ.

ಹಿರಿಯರು ಏಕತಾರಿಯನ್ನು ಗೋಡೆಗೆ ಒರಗಿಸಿದರು. ಹರೆಯದಲ್ಲಿ ಅವರೂ ರೇವಣಪ್ಪನೂ ಜೊತೆಯಾಗಿ ಊರೂರು ಸುತ್ತಿ ಹಾಡಿದವರು. ಆಮೇಲೆ ಒಂದು ಕತೆ ಹೇಳಿದರು.

ಸಮುದ್ರದಾಚೆ ಟ್ರಿನಿಡಾಡ್ ಎಂಬ ದ್ವೀಪವಿದೆ. ಅಲ್ಲಿಯ ಕಬ್ಬಿನ ತೋಟಗಳಿಗೆಂದು ಮೊದಲು ಆಫ್ರಿಕದ ಜನರನ್ನು ಗುಲಾಮರನ್ನಾಗಿ ಹಿಡಿದು ತಂದರು. ಆಮೇಲೆ ನಮ್ಮ ದೇಶದಿಂದಲೂ ಕೂಲಿಗೆ ಹಡಗು ಹತ್ತಿಸಿದರು. ಆಫ್ರಿಕದವರು ತಮ್ಮ ಚರ್ಮದ ವಾದ್ಯ ಬಾರಿಸುತ್ತಿದ್ದರು. ಆ ಸದ್ದಿಗೆ ದೊರೆಗಳು ಹೆದರಿದರು, ಬಾರಿಸಕೂಡದು ಎಂದರು. ಜನ ಬಿದಿರು ಕಡಿದು ತಂದರು. ಉದ್ದದ ಬಿದಿರು, ಗಿಡ್ಡ ಬಿದಿರು, ಎಲ್ಲವನ್ನೂ ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಜೊತೆಗೆ ಗಾಜಿನ ಸೀಸೆಗೆ ಚಮಚದಿಂದ ಹೊಡೆದರು. ಕಾಲಾಂತರದಲ್ಲಿ ಬಿದಿರೂ ಕೂಡದು ಎಂದಾಯಿತು. ಆಗ ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ, ಕಸದ ತೊಟ್ಟಿಯ ಮುಚ್ಚಳ, ಕೈಗೆ ಸಿಕ್ಕಿದ್ದೆಲ್ಲ ವಾದ್ಯವಾಯಿತು. ಹೊಡೆದು ಹೊಡೆದು ಡಬ್ಬ ತಗ್ಗಾದಲ್ಲಿ ಒಂದು ಸ್ವರ, ಉಬ್ಬಿದಲ್ಲಿ ಇನ್ನೊಂದು ಸ್ವರ ಬಂತು. ಅದನ್ನು ಯಾರೋ ಕಿವಿಗೊಟ್ಟು ಕೇಳಿದರು. ಎರಡನೆಯ ಮಹಾಯುದ್ಧ ಮುಗಿದು, ದೊಡ್ಡ ಎಣ್ಣೆಯ ಪೀಪಾಯಿಗಳು ಬೇಕಾದಷ್ಟು ಬಿದ್ದಿದ್ದವು. ಅವುಗಳ ತಳವನ್ನು ಬಾಣಲೆಯ ಹಾಗೆ ತಗ್ಗಿಸಿ, ಒಳಗೆ ಒಂದೊಂದು ಸ್ವರಕ್ಕೆ ಒಂದೊಂದು ಉಬ್ಬು ತಟ್ಟಿ, ಅದರಲ್ಲಿ ಹಾಡನ್ನೇ ನುಡಿಸಿದರು. ಅಲ್ಲಿಯವರು ಅದನ್ನು ಪ್ಯಾನ್ ಎನ್ನುತ್ತಾರೆ.

ಆ ದ್ವೀಪದ ಒಂದು ಕೇರಿಯಲ್ಲಿ ಒಬ್ಬ ಮೇಸ್ತ್ರಿಯಿದ್ದ. ಅವನು ಕಟ್ಟಿದ ಪ್ಯಾನ್ ನುಡಿದರೆ ಬೆಟ್ಟದ ಮೇಲಿನವರು ಕಿಟಕಿ ತೆರೆಯುತ್ತಿದ್ದರು. ಅವನ ಕೈಕೆಳಗೆ ಒಬ್ಬ ಕಮ್ಮಾರ ಕೆಲಸ ಕಲಿತ. ಪೀಪಾಯಿಯನ್ನು ಸುಡಲು ಹಳೆಯ ಟೈರು ಉರಿಸುತ್ತಿದ್ದರು. ಆ ಕಮಟು ಹೊಗೆ, ಅದರ ನಡುವೆ ಕಣ್ಣು ಕಿರಿದು ಮಾಡಿ ಸುತ್ತಿಗೆ ಹಿಡಿದ ಮೇಸ್ತ್ರಿ, ತಗಡಿಗೆ ಕಿವಿಯಿಟ್ಟು “ಇನ್ನೊಂಚೂರು, ಇನ್ನೊಂಚೂರು” ಎಂದು ತನ್ನಷ್ಟಕ್ಕೆ ಗೊಣಗುವುದು. ಕಮ್ಮಾರನಿಗೆ ಅದೇ ತಾರುಣ್ಯ. ಮುಂದೆ ಯಾವ ಊರಿನಲ್ಲಿ ಟೈರು ಉರಿದರೂ ಅವನು ನಿಂತು ಉಸಿರೆಳೆದುಕೊಳ್ಳುತ್ತಿದ್ದ.

ಮೇಸ್ತ್ರಿ ಸತ್ತ. ಅವನ ಕೊನೆಯ ಪ್ಯಾನ್ ಕೇರಿಯ ಮೇಳಕ್ಕೆ ಉಳಿಯಿತು. ಅದರ ಒಳಮೈ ತುಂಬ ಅವನ ಸುತ್ತಿಗೆಯ ಗುರುತು, ಸಣ್ಣ ಸಣ್ಣ ಕುಳಿ. ಕಮ್ಮಾರ ಅದರ ಮೇಲೆ ಬೆರಳಾಡಿಸಿ ನೋಡುತ್ತಿದ್ದ. ಇದರ ಮೇಲೆ ಇನ್ನು ಯಾರ ಸುತ್ತಿಗೆಯೂ ಬೀಳಬಾರದು ಎಂದು ಹೇಳಿದ. ಮೇಳದವರೆಲ್ಲ ಒಪ್ಪಿದರು.

ಪ್ಯಾನಿನ ಗುಣ ಹೇಗೆಂದರೆ, ಬಾರಿಸಿದಷ್ಟೂ ಅದರ ಶ್ರುತಿ ಸರಿಯುತ್ತದೆ. ಹಾಗಾಗಿ ಪ್ರತಿ ವರ್ಷ ದ್ವೀಪದ ದೊಡ್ಡ ಹಬ್ಬದ ಮೊದಲು ಎಲ್ಲ ಪ್ಯಾನುಗಳನ್ನೂ ತಟ್ಟಿ ಸರಿಮಾಡಬೇಕು. ಮೇಸ್ತ್ರಿಯದ್ದೊಂದನ್ನು ಬಿಟ್ಟು ಮಿಕ್ಕವನ್ನು ಕಮ್ಮಾರ ತಟ್ಟುತ್ತಿದ್ದ. ಯಾವುದಕ್ಕೆ ಹೊಂದಿಸಿ? ಮೇಸ್ತ್ರಿಯ ಪ್ಯಾನಿಗೆ. ಅದು ತುಸು ಇಳಿದಿದ್ದರೆ ಮಿಕ್ಕವೂ ತುಸು ಇಳಿದವು. ಮರುವರ್ಷ ಅದು ಇನ್ನಷ್ಟು ಇಳಿಯಿತು, ಮೇಳವೂ ಇಳಿಯಿತು. ಎಲ್ಲವೂ ಒಂದಕ್ಕೊಂದು ಕೂಡಿಯೇ ಇದ್ದುದರಿಂದ ಯಾರ ಕಿವಿಗೂ ಏನೂ ಚುಚ್ಚಲಿಲ್ಲ. ಹಬ್ಬದ ಮೆರವಣಿಗೆಯಲ್ಲಿ ಜನ ಅವರ ಹಿಂದೆ ಕುಣಿಯುತ್ತ ಬರುವುದು ಮಾತ್ರ ಕಡಿಮೆಯಾಯಿತು. “ಜನರ ಕಿವಿ ಕೆಟ್ಟಿದೆ” ಎಂದುಕೊಂಡರು. ಕಮ್ಮಾರನಿಗೂ ಮನಸ್ಸಿನಲ್ಲಿ ಏನೋ ಕೊರತೆ. ಬಾರಿಸುವುದು ಅದೇ ಹಾಡು, ಅದೇ ಪ್ಯಾನು, ಆದರೆ ಆ ಹಿಂದಿನ ದಿನಗಳು ಎದ್ದು ಬರುತ್ತಿರಲಿಲ್ಲ. ತನಗೆ ವಯಸ್ಸಾಯಿತು, ಅದಕ್ಕೇ ಹೀಗೆ ಎಂದು ಸುಮ್ಮನಾದ.

ಒಂದು ಹಬ್ಬಕ್ಕೆ ಮೇಸ್ತ್ರಿಯ ಅಕ್ಕ ಬಂದಳು. ಬಿದಿರಿನ ಕಾಲದಲ್ಲಿ ಮೇಳದಲ್ಲಿ ಸೀಸೆ ಬಾರಿಸುತ್ತಿದ್ದವಳು ಅವಳು. ಆಮೇಲೆ ಬೇರೆ ದ್ವೀಪದಲ್ಲಿ ಮಗಳ ಮನೆ ಸೇರಿದ್ದಳು. ತಮ್ಮನ ಪ್ಯಾನು ಕೇಳಬೇಕು ಎಂದು ಮೇಳದ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು. ಮೇಳದವರು ಅವನ ಹಾಡನ್ನೇ ನುಡಿಸಿದರು. ಅಕ್ಕನ ಕಣ್ಣು ತುಂಬುವುದನ್ನು ನೋಡಲು ಕಮ್ಮಾರ ಎದುರಿಗೆ ನಿಂತಿದ್ದ.

ಹಾಡು ಮುಗಿಯಿತು. ಅವಳು ಸುತ್ತ ನೋಡಿ, “ಯಾರು ಸತ್ತರು?” ಎಂದು ಕೇಳಿದಳು.

“ಯಾರೂ ಸತ್ತಿಲ್ಲ ಅಕ್ಕಾ. ಇದು ನಿಮ್ಮ ತಮ್ಮ ಕಟ್ಟಿದ ಶ್ರುತಿ. ಕೂದಲೆಳೆಯಷ್ಟೂ ಮುಟ್ಟಿಲ್ಲ” ಎಂದ ಕಮ್ಮಾರ.

ಅವಳು ಚೀಲದಿಂದ ಒಂದು ಹಳೆಯ ಸೀಸೆ, ಒಂದು ಚಮಚ ತೆಗೆದಳು. ಸೀಸೆಗೆ ಹೊಡೆದಳು. ಆಮೇಲೆ ಎದ್ದು ಬಂದು ಮೇಸ್ತ್ರಿಯ ಪ್ಯಾನಿನ ನಡುವಿನ ಸ್ವರಕ್ಕೆ ಕೋಲಿನಿಂದ ಹೊಡೆದಳು. ಎರಡೂ ಕೂಡಲಿಲ್ಲ. ಮತ್ತೆ ಹೊಡೆದಳು. ಕೂಡಲಿಲ್ಲ.

“ಇದರ ಸದ್ದು ಕೇಳಿಸಿಕೊಂಡೇ ಅವನು ಮೊದಲ ಸ್ವರ ಕಟ್ಟಿದ್ದು. ಗಾಜು ಇಳಿಯುವುದಿಲ್ಲ ಮಗಾ. ತಗಡು ಇಳಿಯುತ್ತದೆ” ಎಂದಳು.

ಕಮ್ಮಾರ ಆ ಕುಳಿಗಳ ಮೇಲೆ ಅಂಗೈ ಇಟ್ಟ. “ನಾನು ತಟ್ಟಿದರೆ ಅವರ ಪೆಟ್ಟು ಅಳಿದುಹೋಗುತ್ತದೆ ಅಕ್ಕಾ. ಅವರದ್ದು ಅಂತ ಉಳಿದಿರುವುದು ಇದೊಂದೇ.”

“ಅವನ ಪೆಟ್ಟು ಬೇಕಿದ್ದರೆ ಇದನ್ನು ಗೋಡೆಗೆ ತೂಗುಹಾಕು. ಅವನು ಬೇಕಿದ್ದರೆ ಸುತ್ತಿಗೆ ತಾ.”

ಕಮ್ಮಾರನಿಗೆ ಮೇಸ್ತ್ರಿ ನೆನಪಾದ. ಪ್ರತಿ ಹಬ್ಬಕ್ಕೆ ಮೊದಲು ಮೇಸ್ತ್ರಿಯೂ ಇದೇ ಪ್ಯಾನನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದಿನ ವರ್ಷದ ತನ್ನ ಪೆಟ್ಟಿನ ಮೇಲೆಯೇ ಹೊಸ ಪೆಟ್ಟು ಹಾಕುತ್ತಿದ್ದ. ಹಳೆಯದನ್ನು ಅವನು ತಿರುಗಿ ನೋಡಿದ್ದೇ ಇಲ್ಲ. ಅದೆಲ್ಲ ಕಮ್ಮಾರನ ಕಣ್ಣೆದುರಿಗೇ ನಡೆದಿತ್ತು.

ಒಳಗೆ ಹೋಗಿ ಸುತ್ತಿಗೆ ತಂದ.

ಮೊದಲ ಪೆಟ್ಟನ್ನು ನಡುವಿನ ಸ್ವರಕ್ಕೆ ಹಾಕಿದ. ಪ್ಯಾನಿನಲ್ಲಿ ಒಂದು ಸ್ವರವನ್ನು ಮುಟ್ಟಿದರೆ ಪಕ್ಕದ್ದು ಅಲುಗುತ್ತದೆ, ಅದನ್ನು ಸರಿಮಾಡಿದರೆ ಅದರ ಪಕ್ಕದ್ದು. ಒಂದನ್ನು ತಟ್ಟಿ ಉಳಿದದ್ದನ್ನು ಬಿಡಲು ಬರುವುದಿಲ್ಲ. ಅಕ್ಕ ಸೀಸೆ ಬಾರಿಸುತ್ತ ಹೋದಳು, ಅವನು ಕೆಳಗಿನಿಂದ ಎಬ್ಬಿಸಿ ಮೇಲಿನಿಂದ ಕೂರಿಸುತ್ತ ಹೋದ. ತಗಡಿಗೆ ಕಿವಿಯಿಟ್ಟು “ಇನ್ನೊಂಚೂರು, ಇನ್ನೊಂಚೂರು” ಎಂದು ಗೊಣಗಿದ್ದು ಅವನಿಗೇ ಗೊತ್ತಾಗಲಿಲ್ಲ. ಸಂಜೆಯ ಹೊತ್ತಿಗೆ ಆ ಪ್ಯಾನಿನ ಮೇಲೆ ಮೇಸ್ತ್ರಿಯ ಪೆಟ್ಟು ಯಾವುದು, ತನ್ನದು ಯಾವುದು ಎಂದು ಹೇಳಲು ಬರುವಂತಿರಲಿಲ್ಲ.

ಸುತ್ತಿಗೆ ಕೆಳಗಿಟ್ಟು, ಕೋಲು ಹಿಡಿದು, ಆ ಹಾಡಿನ ಮೊದಲ ಸಾಲು ನುಡಿಸಿದ. ಟೈರು ಎಲ್ಲಿಯೂ ಉರಿಯುತ್ತಿರಲಿಲ್ಲ. ಆದರೂ ಅವನ ಮೂಗಿಗೆ ಆ ಹೊಗೆ ಬಂತು. ಬೆಟ್ಟದ ಮೇಲೆ ಯಾರೋ ಕಿಟಕಿ ತೆರೆದರು.

ಅಕ್ಕ ಆಗ ಅತ್ತಳು.

ಹಿರಿಯರು ಕತೆ ಮುಗಿಸಿದರು. ಬಸಲಿಂಗನಿಗೆ ಕತೆ ತಟ್ಟಿತ್ತು, ಆದರೆ ಪೂರ್ತಿ ಸೋಲಲು ಮನಸ್ಸಿರಲಿಲ್ಲ.

“ಅವಳ ಹತ್ತಿರ ಸೀಸೆಯಿತ್ತು, ಅಪ್ಪಾವರೆ. ಮೇಸ್ತ್ರಿಯ ಶ್ರುತಿ ಮೊದಲು ಹೇಗಿತ್ತು ಎನ್ನುವುದಕ್ಕೆ ಸಾಕ್ಷಿ ಇತ್ತು. ಮುತ್ಯಾನ ಪದಕ್ಕೆ ಯಾವ ಸೀಸೆ ಇದೆ? ನಾನು ಕೇಳಿದ್ದನ್ನೇ ಹಾಡುತ್ತಿದ್ದೇನೆ. ಮುತ್ಯಾ ಆ ಸಾಲಿನಲ್ಲಿ ನಿಲ್ಲುತ್ತಿದ್ದದ್ದು ನಿಜ.”

“ನಿಜ” ಎಂದರು ಹಿರಿಯರು. ಏಕತಾರಿಯನ್ನು ಎತ್ತಿಕೊಂಡು ತಂತಿಯನ್ನು ಒಮ್ಮೆ ಮೀಟಿದರು.

“ಆ ಸಾಲಿನಲ್ಲಿ ರೇವಣಪ್ಪ ನಿಲ್ಲತೊಡಗಿದ್ದು ಉಬ್ಬಸ ಬಂದ ಮೇಲೆ.”