ಅಲ್ಲಾಡದ ಹಗ್ಗ

“ಗುರುಗಳೇ, ಎರಡು ಮಾತುಗಳು ಸಮವೆಂದು ಸಿದ್ಧವಾದ ಮೇಲೆ, ಒಂದಿದ್ದ ಕಡೆ ಇನ್ನೊಂದನ್ನು ಇಡಲು ಅಡ್ಡಿಯೇನು?” ಎಂದು ಶಿಷ್ಯ ಕೇಳಿದ. ಅಂದು ಬೆಳಿಗ್ಗೆಯಷ್ಟೇ ವಾದದಲ್ಲಿ ಗೆದ್ದು ಬಂದಿದ್ದ. ಹಿಗ್ಗು ಇನ್ನೂ ಇಳಿದಿರಲಿಲ್ಲ.

“ಅಡ್ಡಿಯೇನೂ ಇಲ್ಲ. ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನು ವಾದಕ್ಕೆ ನಿಂತನೆಂದರೆ ಮುಗಿಯಿತು, ಊರಿಗೆ ಊರೇ ಬಾಯಿ ಮುಚ್ಚಬೇಕು. ಅವನ ತಮ್ಮನದು ಮಾತು ಕಡಿಮೆ, ದುಡಿಮೆ ಹೆಚ್ಚು. ಪಾಳುಬಿದ್ದ ಬಾವಿಯ ಹೂಳು ತೆಗೆಯಲು ಇಬ್ಬರೂ ಹೊರಟರು. ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ಪದ್ಧತಿಯಂತೆ ಮೊದಲು ದೀಪ ಇಳಿಸಿ ನೋಡಿದರು. ಅದು ಆರಲಿಲ್ಲ. ತಮ್ಮನು ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು, “ಅಣ್ಣಾ, ಉಸಿರು ಕಟ್ಟಿದರೆ ಹಗ್ಗ ಜಗ್ಗುತ್ತೇನೆ, ನೋಡಿಕೋ,” ಎಂದು ಇಳಿದ.

ಅಣ್ಣ ಹಗ್ಗ ಹಿಡಿದು ಮೇಲೆ ಕೂತ. ಕೆಳಗಿನಿಂದ ಗುದ್ದಲಿಯ ಸದ್ದು ಬರುತ್ತಿತ್ತು. ಆಮೇಲೆ ನಿಂತಿತು. ದಣಿವಾರಿಸಿಕೊಳ್ಳುತ್ತಿರಬೇಕು ಎಂದುಕೊಂಡ.

ಅಷ್ಟರಲ್ಲಿ ತಮ್ಮನ ಹೆಂಡತಿ ಮಜ್ಜಿಗೆ ತಂದಳು. “ಭಾವ, ಇವರ ಸದ್ದೇ ಇಲ್ಲವಲ್ಲ! ಒಂದು ಸಲ ಕೂಗಿ ನೋಡಿ,” ಎಂದಳು.

“ಯಾಕಮ್ಮ ಗಾಬರಿ? ಉಸಿರು ಕಟ್ಟಿದರೆ ಹಗ್ಗ ಜಗ್ಗುತ್ತೇನೆ ಎಂದಿದ್ದಾನೆ. ಹಗ್ಗ ಜಗ್ಗದಿದ್ದರೆ ಉಸಿರು ಕಟ್ಟಿಲ್ಲ ಎಂದಾಯಿತು. ಎರಡೂ ಒಂದೇ ಮಾತು. ಹಗ್ಗ ಅಲ್ಲಾಡಿದೆಯೇ? ನೀನೇ ನೋಡು.”

ಅವಳು ಹಗ್ಗ ನೋಡಿದಳು, ಅದು ಅಲ್ಲಾಡುತ್ತಿರಲಿಲ್ಲ. ಮಜ್ಜಿಗೆಯ ಚೆಂಬು ಕೆಳಗಿಟ್ಟಳು. ಮನಸ್ಸು ಮಾತ್ರ ತಡೆಯಲಿಲ್ಲ. ಗಂಡನ ಹೆಸರು ಹಿಡಿದು ಎಂದೂ ಕರೆಯದವಳು ಬಾವಿಕಟ್ಟೆಗೆ ಓಡಿ, ಬಗ್ಗಿ, ಹೆಸರು ಹಿಡಿದೇ ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು. ಅಣ್ಣ ಧಡಕ್ಕನೆ ಎದ್ದ. ಇಬ್ಬರೂ ಸೇರಿ ಹಗ್ಗ ಎಳೆದರು.

ಮೇಲೆ ಬಂದದ್ದು ಹೆಣ. ಹೂಳು ಕೆದಕಿದಾಗ ಕೆಟ್ಟ ಗಾಳಿ ಎದ್ದಿತ್ತು. ಅಯ್ಯೋ, ಆ ಬೆರಳುಗಳು ಹಗ್ಗವನ್ನು ಹಿಡಿದೇ ಇದ್ದವು. ಜಗ್ಗುವ ತ್ರಾಣ ಉಳಿದಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಸಂಕಟವಾಯಿತು. ಆದರೂ ಪಟ್ಟು ಬಿಡದೆ, “ಅಣ್ಣ ತಮ್ಮನ ಮಾತಿನ ಬದಲು ಸಮನಾದ ಮಾತು ಇಟ್ಟದ್ದರಲ್ಲಿ ತಪ್ಪೆಲ್ಲಿತ್ತು, ಗುರುಗಳೇ?” ಎಂದು ಕೇಳಿದ.

“ತಪ್ಪಿರಲಿಲ್ಲ. ತಮ್ಮನ ಮಾತು ಸುಳ್ಳಾಯಿತು, ಅದರೊಡನೆ ಅಣ್ಣನದೂ ಸುಳ್ಳಾಯಿತು. ಕೊನೆಯವರೆಗೂ ಎರಡೂ ಸಮವಾಗಿಯೇ ಇದ್ದವು,” ಎಂದು ಗುರುಗಳು ಎದ್ದು ನಿಂತರು.

“ಒಂದು ಮಾತಿನ ಬದಲು ಅದಕ್ಕೆ ಸಮನಾದ ಮಾತನ್ನು ಇಡಬಹುದು, ಮಗು. ಆದರೆ ಬಗ್ಗಿ ಕೂಗುವುದರ ಬದಲು ಯಾವ ಮಾತನ್ನೂ ಇಡಬಾರದು.”