ಕೆಂಚಮ್ಮನ ಬಾಡಿಗೆ ಪೊಟರೆಗಳು

ಹಳ್ಳದ ದಂಡೆಯ ಕಾಡಿನಲ್ಲಿ ಒಂದು ಹಳೆಯ ಮತ್ತಿ ಮರ ವಾಲಿಕೊಂಡು ನಿಂತಿತ್ತು. ಅದರಲ್ಲಿ ಕೆಂಚಮ್ಮ ಎಂಬ ಮರಕುಟಿಗ ವಾಸವಾಗಿದ್ದಳು. ಮರಕುಟಿಗಗಳ ರೂಢಿ ನಿಮಗೆ ಗೊತ್ತಲ್ಲ, ಮಕ್ಕಳೇ? ಹೋದ ವರ್ಷದ ಪೊಟರೆಯಲ್ಲಿ ಈ ವರ್ಷ ಮೊಟ್ಟೆ ಇಡುವುದಿಲ್ಲ. ಹೊಸದನ್ನು ಕೊರೆದರೇ ಅವಕ್ಕೆ ಸಮಾಧಾನ. ಹಾಗಾಗಿ ಕೆಂಚಮ್ಮನ ಹಳೆಯ ಪೊಟರೆ ಖಾಲಿ ಬಿದ್ದಿತ್ತು.

"ಸುಮ್ಮನೆ ಜೇಡ ಬಲೆ ಕಟ್ಟುತ್ತೆ. ನನಗೆ ಬಾಡಿಗೆಗೆ ಕೊಡಿ ಕೆಂಚಮ್ಮ," ಎಂದಳು ಗೊರವಂಕ ಪುಟ್ಟತಾಯಿ. "ದಿನಾ ಬೆಳಿಗ್ಗೆ ಕೊಕ್ಕು ತುಂಬ ಹುಳ ತಂದುಕೊಡ್ತೀನಿ."

ಕೆಂಚಮ್ಮನಿಗೆ ಇದು ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. ಅವಳು ಆಗಷ್ಟೇ ಮೊಟ್ಟೆ ಇಟ್ಟಿದ್ದಳು. ಹೊಟ್ಟೆಪಾಡಿಗೆಂದು ಹೊರಗೆ ಹೋದರೆ ಮೊಟ್ಟೆ ತಣ್ಣಗಾಗುತ್ತದೆ. ತಣ್ಣಗಾದ ಮೊಟ್ಟೆಯಿಂದ ಮರಿ ಬರುವುದಿಲ್ಲ. ಈಗ ಊಟವೇ ಬಾಗಿಲಿಗೆ ಬರತೊಡಗಿತು. ಕೆಂಚಮ್ಮ ಆರಾಮವಾಗಿ ಕಾವಿಗೆ ಕೂತಳು.

ಇದನ್ನು ನೋಡಿದ ಕಾಗೆ ಚೌಡಪ್ಪ, ಆ ಕಾಡಿನ ಮನೆ ದಲ್ಲಾಳಿ, ಹಾರಿ ಬಂದ.

"ಒಂದು ಪೊಟರೆಗೇ ಇಷ್ಟು ಹುಳ ಬಂದರೆ ಹತ್ತಕ್ಕೆ ಎಷ್ಟು ಬರಬೇಡ? ಹಳ್ಳದ ಆಚೆ ವಾಲಿದ ಬೂರುಗದ ಮರಗಳಿವೆ. ಮೆತ್ತಗಿನ ಮರ. ನೀವು ಕೊರೆಯಿರಿ, ಬಾಡಿಗೆಯವರನ್ನ ನಾನು ತರ್ತೀನಿ. ಮೊದಲ ದಿನದ ಬಾಡಿಗೆ ಮಾತ್ರ ನನಗೆ."

"ಮೊಟ್ಟೆ ಬಿಟ್ಟು ಅಷ್ಟು ದೂರ ಹೇಗಪ್ಪಾ ಬರಲಿ?"

"ಆಗಾಗ ಒಂದು ಗಳಿಗೆ ಬಂದು ಹೋದರೆ ಸಾಕು. ಆಮೇಲೆ ಕೂತು ತಿನ್ನೋದೇ."

ಕೆಂಚಮ್ಮನ ಬಾಯಲ್ಲಿ ನೀರೂರಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚಿ," ಎಂದಳು ಪುಟ್ಟತಾಯಿ.

"ನಿನಗೆ ಹೊಟ್ಟೆಕಿಚ್ಚು," ಎಂದು ಕೆಂಚಮ್ಮ ಹಾರಿಯೇ ಬಿಟ್ಟಳು.

ಮಳೆನೀರು ಒಳಗೆ ಇಳಿಯಬಾರದೆಂದರೆ ಪೊಟರೆಯ ಬಾಯಿ ವಾಲಿದ ಮರದ ಕೆಳಮಗ್ಗುಲಲ್ಲಿರಬೇಕು. ಮರಕುಟಿಗದ ಮರಿಗೂ ಇದು ಗೊತ್ತು. ಆದರೆ ಕೆಂಚಮ್ಮನಿಗೆ ಮನೆಗೆ ಓಡುವ ಆತುರ. ಬಂದಾಗಲೆಲ್ಲ ಕೊಕ್ಕಿಗೆ ಸಿಕ್ಕ ಕಡೆ ಕುಟ್ಟಿ, ಕೂರಲು ಸುಲಭವಾದ ಮೇಲ್ಮಗ್ಗುಲಲ್ಲೇ ಎಲ್ಲ ಬಾಯಿ ತೆರೆದಳು. ಗಿಳಿ, ಅಳಿಲು, ಹಾಲಕ್ಕಿ ಎಲ್ಲರೂ ಸಂಸಾರ ಸಮೇತ ಬಂದಿಳಿದರು. ಚೌಡಪ್ಪ ಮೊದಲ ದಿನದ ಹಣ್ಣು, ಹುಳ ನುಂಗಿ ಕಂಬಿ ಕಿತ್ತ.

ಮರುದಿನ ಬೆಳಕು ಹರಿಯುತ್ತಿದ್ದಂತೆ ಮಳೆ ಹೊಡೆಯಿತು.

"ಇದು ಮನೆಯೋ ಬಾವಿಯೋ, ಬಂದು ನೋಡಿ," ಎಂದು ಗಿಳಿ ಕರೆಯಲು ಬಂತು. ಕೆಂಚಮ್ಮ ಹಳ್ಳ ದಾಟಿ ಓಡಿದಳು. ಗಿಳಿಯ ಪೊಟರೆಯಲ್ಲಿ ನೀರು ಹೋಗಲು ತೂತು ಕೊರೆಯುವಷ್ಟರಲ್ಲಿ ಅಳಿಲು ಕೂಗಿತು. ಅಲ್ಲಿಗೆ ಹೋದರೆ ಹಾಲಕ್ಕಿಯ ರಂಪ. ಹೀಗೆ ಮರದಿಂದ ಮರಕ್ಕೆ ಹಾರುತ್ತ ಮೊಟ್ಟೆಯ ನೆನಪಾಗುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು.

ಕೆಂಚಮ್ಮ ಒಂದೇ ಉಸಿರಿಗೆ ಮನೆಗೆ ಹಾರಿ ಬಂದಳು. ಒಳಗೆ ಪುಟ್ಟತಾಯಿ ಗರಿ ಉಬ್ಬಿಸಿಕೊಂಡು ಮೊಟ್ಟೆಗಳ ಮೇಲೆ ಕೂತಿದ್ದಳು.

"ಬಾಡಿಗೆ ಕೊಡೋಕೆ ಬಂದೆ, ನೀವಿರಲಿಲ್ಲ. ಮೊಟ್ಟೆ ತಣ್ಣಗಾಗ್ತಿತ್ತು, ಕೂತೆ. ನಮ್ಮ ಮೊಟ್ಟೆ ಮೇಲೆ ನಮ್ಮ ಯಜಮಾನರು ಕೂತಿದಾರೆ."

ಕೆಂಚಮ್ಮನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. "ಇಂಥವಳಿಗೆ ಹೊಟ್ಟೆಕಿಚ್ಚು ಅಂದೆನಲ್ಲ ತಾಯಿ," ಎಂದಳು. ಆಮೇಲೆ ಹಳ್ಳದ ಆಚೆಯವರಿಗೆಲ್ಲ ಹೇಳಿ ಕಳಿಸಿದಳು: "ಅಷ್ಟು ಮನೆ ನೋಡಿಕೊಳ್ಳೋದು ನನ್ನಿಂದಾಗಲ್ಲ. ಬಾಡಿಗೆ ಬೇಡ. ಒಣ ಜಾಗ ಸಿಕ್ಕ ಕಡೆ ಸುಖವಾಗಿರಿ."

ಸ್ವಲ್ಪ ದಿನಕ್ಕೆ ಮೊಟ್ಟೆಗಳೆಲ್ಲ ಒಡೆದು, ಗೂಡಿನ ತುಂಬ ಬಾಯಿ ತೆರೆದ ಮರಿಗಳು. ಆಗ ಗಿಳಿ ಮತ್ತೆ ಬಂದು ಕೇಳಿತು: "ನಿಮ್ಮ ಮರದಲ್ಲೇ ನನಗೊಂದು ಪೊಟರೆ ಕೊರೆದುಕೊಡ್ತೀರಾ?"

ಕೆಂಚಮ್ಮ ಒಂದು ಮರಿಯ ಬಾಯಿಗೆ ಹುಳ ಇಟ್ಟಳು. "ಮೊದಲು ಇವು ಹಾರಲಿ. ಆಮೇಲೆ ಒಂದೇ ಒಂದು ಕೊರೀತೀನಿ, ಮಳೆ ಬೀಳದ ಮಗ್ಗುಲಲ್ಲಿ. ಅಲ್ಲಿವರೆಗೂ ಕಾಯ್ತೀಯಾ?"

"ಕಾಯ್ತೀನಿ," ಎಂದಿತು ಗಿಳಿ.

ನೀತಿ: ನಮ್ಮಿಂದ ನೋಡಿಕೊಳ್ಳಲು ಆಗುವಷ್ಟರಿಂದಲೇ ಶುರುಮಾಡಬೇಕು, ಮನೆಯ ನೆಮ್ಮದಿ ಕೆಡಿಸುವ ಗಳಿಕೆ ಗಳಿಕೆಯಲ್ಲ.